ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ: ಕರಾವಳಿಯ ಕೋಣೆಯಲ್ಲೊಂದು ಮೊದಲ ಕೃತಿ

ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಸಲಕರಣೆ ಕೊಳ್ಳಬೇಕು ಎಂದು. ಈ ಪ್ರಶ್ನೆಗೆ ಉತ್ತರ ಸುಲಭ, ಏಕೆಂದರೆ ಆರಂಭಕ್ಕೆ ಬೇಕಾದದ್ದರಲ್ಲಿ ಹೆಚ್ಚಿನದು ಈಗಾಗಲೇ ಮನೆಯಲ್ಲಿರುತ್ತದೆ. ನಿಜವಾದ ಕಷ್ಟವಿರುವುದು ಬೇರೆ ಕಡೆ: ಕೇಳಲು ಚೆನ್ನಾಗಿರುವ, ಮತ್ತೆ ಮತ್ತೆ ಸುತ್ತುವ ಹದಿನಾರು ಸೆಕೆಂಡಿನ ತುಣುಕು ಅಥವಾ ಲೂಪ್ ಒಂದನ್ನು ಮೂರು ನಿಮಿಷದ ಕೃತಿಯಾಗಿ ಬೆಳೆಸಿ, ಮುಗಿಸಿ, ಹೊರಬಿಡುವುದರಲ್ಲಿ. ಕಂಪ್ಯೂಟರಿನ ತುಂಬ ಅರೆಬರೆ ಲೂಪ್‌ಗಳನ್ನು ಇಟ್ಟುಕೊಂಡು ಒಂದು ಕೃತಿಯನ್ನೂ ಮುಗಿಸದವರು ಮಂಗಳೂರಿನಲ್ಲೂ ಮಣಿಪಾಲದಲ್ಲೂ ಬೇಕಾದಷ್ಟಿದ್ದಾರೆ; ಅವರಲ್ಲಿ ಅನೇಕರ ಬಳಿ ಸಲಕರಣೆಗೇನೂ ಕೊರತೆಯಿಲ್ಲ. ಆದ್ದರಿಂದ ಕಡಿಮೆ ಖರ್ಚಿನಲ್ಲಿ, ಸಾಧಾರಣ ಮನೆಯೊಂದರ ಕೋಣೆಯಲ್ಲಿ ಕುಳಿತು, 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ವೇಗದ, ಹಾಡುಗಾರಿಕೆಯಿಲ್ಲದ ಒಂದು ಕೃತಿಯನ್ನು ಕೊನೆಮುಟ್ಟಿಸುವುದು ಹೇಗೆ ಎಂಬುದಷ್ಟಕ್ಕೇ ಈ ಬರಹವನ್ನು ಸೀಮಿತಗೊಳಿಸಿದ್ದೇನೆ.

ಕೊಳ್ಳುವ ಮೊದಲು

ಇತ್ತೀಚಿನ ವರ್ಷಗಳಲ್ಲಿ ಕೊಂಡ ಸಾಮಾನ್ಯ ಲ್ಯಾಪ್‌ಟಾಪ್ ಆರಂಭಕ್ಕೆ ಸಾಕು. 8 ಜಿಬಿ ರ‍್ಯಾಮ್ ಇದ್ದರೆ ಕೆಲಸ ನಡೆಯುತ್ತದೆ, 16 ಜಿಬಿ ಇದ್ದರೆ ಸಲೀಸು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವಾದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಬಹಳ ಅಗ್ಗ. ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲೇ ಬ್ಯಾಂಡ್‌ಲ್ಯಾಬ್ ಅಥವಾ ಎಫ್‌ಎಲ್ ಸ್ಟುಡಿಯೊ ಮೊಬೈಲ್ ಹಿಡಿದು ಆರಂಭಿಸಬಹುದು, ಆದರೆ ತುಣುಕುಗಳನ್ನು ಜೋಡಿಸಿ ಇಡೀ ಕೃತಿಯಾಗಿಸುವ ಅರೇಂಜ್‌ಮೆಂಟಿನ ಹಂತಕ್ಕೆ ಬಂದಾಗ ಸಣ್ಣ ಪರದೆ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ಎಲ್ಲ ಕೆಲಸವೂ ನಡೆಯುವುದು ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್ ಎಂಬ ಸಾಫ್ಟ್‌ವೇರಿನಲ್ಲಿ. ಬಳಕೆಯ ಮಾತಿನಲ್ಲಿ ಅದು ಡಾ. 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಿಂದ ಹೊರಬಂದ ಎಫ್‌ಎಲ್ ಸ್ಟುಡಿಯೊವನ್ನು ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತವಾಗಿ ದೊರೆಯುತ್ತವೆ, ಆದರೆ ಅದರ ಉಚಿತ ಪ್ರಯೋಗಾವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಬರುವುದಿಲ್ಲ. ರೀಪರ್ 60 ದಿನಗಳ ಕಾಲ ಪೂರ್ಣರೂಪದಲ್ಲಿ ಪರೀಕ್ಷಿಸಲು ಸಿಗುತ್ತದೆ, ವೈಯಕ್ತಿಕ ಬಳಕೆಯ ಪರವಾನಗಿ 60 ಡಾಲರ್. ಎಲ್‌ಎಂಎಂಎಸ್ ಸಂಪೂರ್ಣ ಉಚಿತ. ಮ್ಯಾಕ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಏಬಲ್‌ಟನ್ ಲೈವ್‌ನ ಲೈಟ್ ಆವೃತ್ತಿ ಕಂಪ್ಯೂಟರಿಗೆ ಜೋಡಿಸುವ ಅನೇಕ ಮಿಡಿ ಕೀಬೋರ್ಡ್‌ಗಳ ಜೊತೆಗೇ ಬರುತ್ತದೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗೆ ಕೊನೆಯಿಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಒಂದನ್ನು ಆಯ್ದುಕೊಂಡು, ಅದರಲ್ಲಿ ಕನಿಷ್ಠ ಮೂರು ಕೃತಿಗಳು ಮುಗಿಯುವವರೆಗೆ ಬೇರೊಂದರ ಕಡೆ ನೋಡಬಾರದು ಎಂಬ ನಿಯಮ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕದ್ದ ಪ್ರತಿಗಳ ವಿಷಯದಲ್ಲಿ ನೀತಿಯ ಮಾತು ಬದಿಗಿಟ್ಟರೂ, ಅವುಗಳ ಜೊತೆ ಬರುವ ವೈರಸ್‌ನಿಂದ ಯಂತ್ರವೂ ಅದರೊಳಗಿನ ಕೆಲಸವೂ ಹಾಳಾಗುವ ಸಂಭವ ದೊಡ್ಡದು. ಉಚಿತವಾದವುಗಳೇ ಇಷ್ಟು ಚೆನ್ನಾಗಿರುವಾಗ ಆ ಅಪಾಯಕ್ಕೆ ಕಾರಣವೇ ಇಲ್ಲ.

ಕೈಯಲ್ಲಿ ಸ್ವಲ್ಪ ಹಣವಿದ್ದರೆ ಅದನ್ನು ಹೆಡ್‌ಫೋನ್‌ಗೆ ಹಾಕಬೇಕು. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯಿರುವ, ಸ್ಟುಡಿಯೊ ಬಳಕೆಗೆಂದೇ ಮಾಡಿದ ಹೆಡ್‌ಫೋನ್ ಬೇಕು. ಬೇಸ್ ಉಬ್ಬಿಸಿ ಮಾರುವ ಜನಪ್ರಿಯ ಮಾದರಿಗಳು ಇಲ್ಲದ ಬೇಸನ್ನು ಇದೆಯೆಂದು ತೋರಿಸಿ ದಾರಿ ತಪ್ಪಿಸುತ್ತವೆ. ಬ್ಲೂಟೂತ್ ಅಂತೂ ಬೇಡವೇ ಬೇಡ. 120 ಬಿಪಿಎಂನಲ್ಲಿ ಒಂದು ಬೀಟಿನ ನಾಲ್ಕನೆಯ ಒಂದು ಭಾಗಕ್ಕೆ, ಅಂದರೆ ಒಂದು ಸ್ಟೆಪ್‌ಗೆ, 125 ಮಿಲಿಸೆಕೆಂಡ್ ಹಿಡಿಯುತ್ತದೆ, ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗುವುದೂ ಹೆಚ್ಚುಕಡಿಮೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು; ಎಂದರೆ ನೀವು ಕೀ ಒತ್ತಿದ ಸ್ವರ ಒಂದು ಇಡೀ ಸ್ಟೆಪ್ ಹಿಂದೆ ಬೀಳುತ್ತದೆ.

ಮಿಡಿ ಕೀಬೋರ್ಡ್ ಅನುಕೂಲವೇ ಹೊರತು ಅನಿವಾರ್ಯವಲ್ಲ. 1983ರಲ್ಲಿ ಬಂದ ಮಿಡಿ ಮಾನದಂಡದಲ್ಲಿ ಸಾಗುವುದು ಸದ್ದಲ್ಲ. ಯಾವ ಸ್ವರ, ಎಷ್ಟು ಬಲದಿಂದ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟದ್ದು ಎಂಬ ಸೂಚನೆ ಮಾತ್ರ. ಅದನ್ನು ಮೌಸ್‌ನಿಂದ ಸ್ವರಗಳನ್ನು ಗೆರೆಗಳಾಗಿ ತೋರಿಸುವ ಪಿಯಾನೊ ರೋಲ್‌ನಲ್ಲಿ ಬರೆದರೂ ಫಲ ಒಂದೇ. ಹಾರ್ಮೋನಿಯಂ ಅಭ್ಯಾಸವಿರುವವರಿಗೆ 25 ಕೀಗಳ ಸಣ್ಣ ಕೀಬೋರ್ಡ್ ಕೈಗೆ ಬೇಗ ಒಗ್ಗುತ್ತದೆ. ಕಂಪ್ಯೂಟರಿಗೆ ಸದ್ದು ಒಯ್ಯುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್ ಬೇಕಾಗುವುದು ಮೈಕಿನಿಂದ ಅಥವಾ ಗಿಟಾರಿನಿಂದ ರೆಕಾರ್ಡ್ ಮಾಡುವಾಗ. ಅಲ್ಲಿಯವರೆಗೆ ವಿಂಡೋಸ್ ಬಳಸುವವರು ಏಸಿಯೊಫೋರ್‌ಆಲ್ ಎಂಬ ಉಚಿತ ಡ್ರೈವರ್‌ನಿಂದ ಕೆಲಸ ಸಾಗಿಸಬಹುದು. ಅದರಲ್ಲಿ ಬಫರ್ ಗಾತ್ರವನ್ನು, ಎಂದರೆ ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಸದ್ದಿನ ತುಣುಕಿನ ಅಳತೆಯನ್ನು, ಹೊಂದಿಸಬೇಕು: 44.1 ಕಿಲೊಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಎಂದರೆ ಸುಮಾರು 6 ಮಿಲಿಸೆಕೆಂಡ್ ವಿಳಂಬ, ನುಡಿಸುವಾಗ ಇದು ಗೊತ್ತಾಗುವುದಿಲ್ಲ. 1024 ಆದರೆ 23 ಮಿಲಿಸೆಕೆಂಡ್, ಅದು ಬೆರಳಿಗೆ ತಿಳಿಯುತ್ತದೆ, ಆದರೆ ಮಿಕ್ಸ್ ಮಾಡುವಾಗ ಕಂಪ್ಯೂಟರಿಗೆ ಉಸಿರಾಡಲು ಅವಕಾಶ ಸಿಗುತ್ತದೆ.

ಕೋಣೆ, ಮಳೆ, ಸಿಡಿಲು

ಸ್ಪೀಕರ್ ಕೊಳ್ಳುವ ಆಸೆಯನ್ನು ಮೊದಲ ವರ್ಷ ತಡೆಹಿಡಿಯಿರಿ ಎನ್ನುವುದಕ್ಕೆ ಕಾರಣ ಕೋಣೆಯ ಅಳತೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಮೂರು ಮೀಟರ್ ಅಂತರವಿದ್ದರೆ, ಅವುಗಳ ನಡುವೆ ಸುಮಾರು 58 ಹರ್ಟ್ಸ್‌ನ ಸದ್ದು ಅನುರಣಿಸಿ ನಿಲ್ಲುತ್ತದೆ. ಕಿಕ್ (ಡ್ರಮ್ಮಿನ ತಗ್ಗಿನ ಹೊಡೆತ) ಮತ್ತು ಬೇಸ್ ಇರುವುದು ಅದೇ ವಲಯದಲ್ಲಿ. ಕೋಣೆಯ ಒಂದು ಮೂಲೆಯಲ್ಲಿ ಅಬ್ಬರಿಸುವ ಬೇಸ್ ಎರಡು ಹೆಜ್ಜೆ ಸರಿದರೆ ಮಾಯವಾಗುತ್ತದೆ, ನಿಜವಾಗಿ ಎಷ್ಟಿದೆ ಎಂದು ತೀರ್ಮಾನಿಸಲು ಆಗುವುದೇ ಇಲ್ಲ. ಮೊಟ್ಟೆಯ ಟ್ರೇ ಅಂಟಿಸುವುದರಿಂದಾಗಲಿ, ತೆಳುವಾದ ಫೋಮ್ ಹಾಳೆಯಿಂದಾಗಲಿ ಈ ತೊಂದರೆ ತೀರದು. ಅವು ಮೇಲಿನ ಕಂಪನಗಳನ್ನಷ್ಟೇ ಸ್ವಲ್ಪ ಮಂದಗೊಳಿಸುತ್ತವೆ.

ಕೆಂಪುಕಲ್ಲಿನ ಗೋಡೆ, ಕಾವಿ ನೆಲ, ಹೊಸ ಫ್ಲ್ಯಾಟುಗಳ ನುಣುಪು ಟೈಲ್ಸ್, ಇವೆಲ್ಲವೂ ಸದ್ದನ್ನು ಹಿಂದಕ್ಕೆಸೆಯುವ ಗಟ್ಟಿ ಮೈಗಳು. ಒಮ್ಮೆ ಚಪ್ಪಾಳೆ ತಟ್ಟಿದಾಗ ಹಿಂದೆಯೇ ಕಿಣಿಕಿಣಿ ಮರುದನಿ ಬಂದರೆ ಆ ಕೋಣೆಯಲ್ಲಿ ಧ್ವನಿ ರೆಕಾರ್ಡ್ ಮಾಡುವ ಮೊದಲು ಗೋಡೆಗೆ ದಪ್ಪ ಹಾಸಿಗೆಯನ್ನೋ ತುಂಬಿದ ಪುಸ್ತಕದ ಕಪಾಟನ್ನೋ ಒರಗಿಸಬೇಕು. ಹಂಚಿನ ಮಾಡಿನ, ಮೇಲೆ ಮಾಳಿಗೆಯಿಲ್ಲದ ಕೋಣೆ ಈ ವಿಷಯದಲ್ಲಿ ಎಷ್ಟೋ ವಾಸಿ, ಏಕೆಂದರೆ ಇಳಿಜಾರಾದ ಮಾಡು ನೆಲಕ್ಕೆ ಸಮಾನಾಂತರವಲ್ಲ, ಹಂಚಿನ ಸಂದುಗಳಿಂದ ಸದ್ದು ಹೊರಗೆ ಜಾರಿಹೋಗುತ್ತದೆ. ಹಾಗೆ ಜಾರಿದ್ದು ನೆರೆಮನೆಗೆ ಸೇರುತ್ತದೆ ಎಂಬುದನ್ನೂ ನೆನಪಿಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಕ್ ಕೆಲಸವನ್ನು ಮಳೆಯ ಬಿಡುವಿಗೆ ಹೊಂದಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಹಂಚಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ಪ್ಲಗ್‌ಇನ್ (ಡಾ ಒಳಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಕೂಡ ಧ್ವನಿಯಿಂದ ಚೊಕ್ಕವಾಗಿ ಬೇರ್ಪಡಿಸಲಾರದು. ಆ ತಿಂಗಳುಗಳನ್ನು ಸದ್ದನ್ನು ವಿದ್ಯುನ್ಮಾನವಾಗಿ ಹುಟ್ಟಿಸುವ ಸಿಂಥ್ ಕಲಿಯುವುದಕ್ಕೆ ಮೀಸಲಿಡುವುದು ಜಾಣತನ. ತೇವದಿಂದ ಕೆಡುವುದು ಮೊದಲು ತಿರುಗುಗುಂಡಿಗಳು ಮತ್ತು ಜಾಕ್‌ಗಳು, ಅನಂತರ ಮೈಕಿನ ಒಳಪೊರೆ. ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ಕೀಬೋರ್ಡನ್ನು ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ತಳ್ಳುವುದಕ್ಕಿಂತ ದಿನವೂ ಬಳಸುವುದು ಒಳ್ಳೆಯದು. ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ, ಹಾಗೆಯೇ ಅಕ್ಟೋಬರ್‌ನಲ್ಲಿ ಗುಡುಗು ಕೇಳಿಸಿದ ಕೂಡಲೇ ಗೋಡೆಯ ಪ್ಲಗ್ ಕಿತ್ತು, ಇಂಟರ್ನೆಟ್ ಕೇಬಲನ್ನೂ ಕಳಚಬೇಕು. ಹತ್ತಿರದಲ್ಲೇ ಬಿದ್ದ ಸಿಡಿಲನ್ನು ಸ್ಪೈಕ್ ಗಾರ್ಡ್ ತಡೆಯಲಾರದು. ಹೆಡ್‌ಫೋನಿನಲ್ಲಿ ಒಂದೇ ಸಮನೆ ಗುಂಯ್ ಎನ್ನುವ ತಗ್ಗಿನ ಸದ್ದು ಬರುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ವಿದ್ಯುತ್ ಮಾರ್ಗದ 50 ಹರ್ಟ್ಸ್ ಗುನುಗು, ತೊಂದರೆ ಬಹುಮಟ್ಟಿಗೆ ಅರ್ಥಿಂಗ್‌ನಲ್ಲಿರುತ್ತದೆ.

ಹದಿನಾರು ಸ್ಟೆಪ್‌ಗಳು

ಹೊಸ ಪ್ರಾಜೆಕ್ಟ್ ತೆರೆದು ವೇಗವನ್ನು 120 ಬಿಪಿಎಂ ಮಾಡಿಕೊಳ್ಳಿ. ಈ ವೇಗದಲ್ಲಿ ಒಂದು ಬೀಟಿಗೆ ಅರ್ಧ ಸೆಕೆಂಡ್, ನಾಲ್ಕು ಬೀಟಿನ ಒಂದು ಬಾರಿಗೆ ಎರಡು ಸೆಕೆಂಡ್. ಲೆಕ್ಕ ಮನಸ್ಸಿನಲ್ಲೇ ಮಾಡಬಹುದು. ಒಂದು ಬಾರನ್ನು ಹದಿನಾರು ಸ್ಟೆಪ್‌ಗಳಾಗಿ ಒಡೆದು ಡ್ರಮ್ ಬರೆಯುವ ಕ್ರಮ 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಯಂತ್ರದಿಂದ ಜನಪ್ರಿಯವಾಯಿತು, ಇಂದಿನ ಸಾಫ್ಟ್‌ವೇರ್‌ಗಳೂ ಅದನ್ನೇ ಅನುಸರಿಸುತ್ತವೆ. ಕಿಕ್ಕನ್ನು 1, 5, 9, 13ನೆಯ ಸ್ಟೆಪ್‌ಗಳಲ್ಲಿ, ಕ್ಲ್ಯಾಪನ್ನು (ಚಪ್ಪಾಳೆಯ ಸದ್ದು) 5 ಮತ್ತು 13ರಲ್ಲಿ, ಹೈ-ಹ್ಯಾಟನ್ನು (ಚಿಕ್ಕ ತಾಳದ ಸದ್ದು) 3, 7, 11, 15ರಲ್ಲಿ ಇಟ್ಟರೆ ಹೌಸ್ ಎಂಬ ಕುಣಿತದ ಸಂಗೀತದ ಅಸ್ತಿಭಾರ ಸಿದ್ಧ.

ಅದು ನಿರ್ಜೀವವಾಗಿ ಕೇಳುವುದು ಸಹಜ. ಎಲ್ಲ ಹೈ-ಹ್ಯಾಟ್‌ಗಳೂ ಒಂದೇ ಬಲದಿಂದ ಬಾರಿಸಲ್ಪಡುತ್ತಿರುವುದು ಅದಕ್ಕೆ ಕಾರಣ. ಮಿಡಿಯಲ್ಲಿ ಬಲದ ಅಳತೆ 127ರವರೆಗೆ ಇರುತ್ತದೆ. ಹ್ಯಾಟ್‌ಗಳನ್ನು 60ರಿಂದ 100ರ ನಡುವೆ ಏರಿಳಿಸಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಯಕ್ಷಗಾನದ ಹಿಮ್ಮೇಳ ಕೇಳಿ ಬೆಳೆದವರು ಇಲ್ಲಿಗೇ ನಿಲ್ಲಬೇಕಾಗಿಲ್ಲ. ತ್ರಿವುಡೆ ತಾಳದ ಏಳು ಅಕ್ಷರಗಳನ್ನು ತಲಾ ಎರಡು ಸ್ಟೆಪ್‌ನಂತೆ ಹಾಕಿದರೆ 14 ಸ್ಟೆಪ್‌ಗಳ ಆವರ್ತ ಸಿಗುತ್ತದೆ. ಮೂರು, ಎರಡು, ಎರಡು ಎಂಬ ವಿಭಾಗದಂತೆ ಒತ್ತು ಬೀಳುವುದು 1, 7, 11ನೆಯ ಸ್ಟೆಪ್‌ಗಳಲ್ಲಿ. ಈ ಆವರ್ತವನ್ನು ಮರದ ಅಥವಾ ಚರ್ಮವಾದ್ಯದ ಸದ್ದಿನಲ್ಲಿ ಬರೆದು, ಕೆಳಗೆ ಹದಿನಾರು ಸ್ಟೆಪ್‌ಗಳ ಕಿಕ್ಕನ್ನು ಹಾಗೆಯೇ ಓಡಲು ಬಿಡಿ. ಎರಡೂ ಕ್ರಮೇಣ ಒಂದರಿಂದೊಂದು ಸರಿಯುತ್ತ ಹೋಗಿ, 112 ಸ್ಟೆಪ್‌ಗಳ ಬಳಿಕ, ಅಂದರೆ ಏಳು ಬಾರ್ ಮುಗಿದಾಗ ಮತ್ತೆ ಸಮದಲ್ಲಿ ಕೂಡುತ್ತವೆ. ಕುಣಿಯುವವರ ಕಾಲಿಗೆ ಕಿಕ್ ದಾರಿ ತಪ್ಪಿಸುವುದಿಲ್ಲ, ಕಿವಿಗೆ ಮಾತ್ರ ಏಳು ಬಾರಿನವರೆಗೆ ಹೊಸದೇನೋ ನಡೆಯುತ್ತಲೇ ಇರುತ್ತದೆ. ಡಾ ಸಾಫ್ಟ್‌ವೇರ್‌ಗಳಲ್ಲಿ ಪ್ಯಾಟರ್ನಿನ ಉದ್ದ ಬದಲಿಸುವುದು ಒಂದು ಕ್ಲಿಕ್ಕಿನ ಕೆಲಸ. ಹೀಗಿದ್ದೂ ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ.

ಷಡ್ಜ ಎಲ್ಲಿರಬೇಕು

ಬೇಸ್ ಬರೆಯುವ ಮೊದಲು ಷಡ್ಜವನ್ನು ನಿರ್ಧರಿಸಿಕೊಳ್ಳಬೇಕು. ಬಿಳಿ ಕೀಗಳ ಅನುಕೂಲಕ್ಕಾಗಿ ಸಿ ಸ್ವರವನ್ನೇ ಷಡ್ಜವಾಗಿಸಿಕೊಂಡರೆ ಒಂದು ತೊಡಕಿದೆ: ತಗ್ಗಿನ ಸಿ 32.7 ಹರ್ಟ್ಸ್‌ನಲ್ಲಿದ್ದು ಸಾಧಾರಣ ಹೆಡ್‌ಫೋನಿಗೂ ಕಷ್ಟ, ಅದರ ಮೇಲಿನದು 65.4 ಹರ್ಟ್ಸ್‌ನಲ್ಲಿದ್ದು ಎದೆಗೆ ತಾಗುವ ಭಾರ ಅದಕ್ಕಿಲ್ಲ. 43.7 ಹರ್ಟ್ಸ್‌ನ ಎಫ್‌ನಿಂದ 55 ಹರ್ಟ್ಸ್‌ನ ಎ ವರೆಗಿನ ಸ್ವರಗಳು ಬೇಸಿಗೆ ಹದವಾದವು, ನಡುವಿನ ಜಿ ಸರಿಯಾಗಿ 49 ಹರ್ಟ್ಸ್. ಜಿಯನ್ನು ಷಡ್ಜವಾಗಿಟ್ಟುಕೊಂಡು ಮಧ್ಯಮಾವತಿ ತೆಗೆದುಕೊಂಡರೆ ಜಿ, ಎ, ಸಿ, ಡಿ, ಎಫ್ ಎಂಬ ಐದು ಬಿಳಿ ಕೀಗಳೇ ಸಾಕಾಗುತ್ತವೆ. ಔಡವ ರಾಗಗಳಿಂದ ಆರಂಭಿಸುವುದು ಕ್ಷೇಮ: ಐದೇ ಸ್ವರಗಳಲ್ಲಿ ಕಿವಿಗೆ ಕಟುವಾಗುವ ಜೋಡಣೆಗಳು ಕಡಿಮೆ.

ರಾಗ ಮತ್ತು ಯಂತ್ರದ ಈ ಕೂಟ ಹೊಸದೇನಲ್ಲ. ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ ಮತ್ತು ಜುಪಿಟರ್-8 ಸಿಂಥ್‌ಗಳ ಮೇಲೆ ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. ಅದು ಹೊರಗಿನ ಜಗತ್ತಿನ ಗಮನಕ್ಕೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಸಿಂಥ್ ಕಲಿಯಲು ವೈಟಲ್ ಅಥವಾ ಸರ್ಜ್ ಎಕ್ಸ್‌ಟಿ ಎಂಬ ಉಚಿತ ಪ್ಲಗ್‌ಇನ್‌ಗಳಲ್ಲಿ ಒಂದು ಸಾಕು. ಸಿದ್ಧ ಪ್ರಿಸೆಟ್‌ಗಳನ್ನು ಒಂದೊಂದಾಗಿ ಕೇಳುತ್ತ ಸಂಜೆ ಕಳೆಯುವ ಬದಲು ಖಾಲಿ ಪ್ರಿಸೆಟ್‌ನಿಂದ ಹೊರಡಿ. ಮೂಲ ಸದ್ದು ಹುಟ್ಟಿಸುವ ಆಸಿಲೇಟರ್‌ನಲ್ಲಿ ಸಾ-ಟೂತ್ ತರಂಗವನ್ನು ಆಯ್ದುಕೊಂಡರೆ ಒರಟಾದ, ತುಂಬಿದ ಸದ್ದು ಬರುತ್ತದೆ. ಅದರ ಜೊತೆ ಎರಡನೆಯ ಆಸಿಲೇಟರನ್ನು ಏಳೆಂಟು ಸೆಂಟ್‌ನಷ್ಟು (ಅರೆಸ್ವರದ ನೂರನೆಯ ಒಂದು ಭಾಗವೇ ಸೆಂಟ್) ಅಪಶ್ರುತಿ ಮಾಡಿದರೆ ಸದ್ದು ಅಗಲವಾಗಿ ಅಲೆಯತೊಡಗುತ್ತದೆ. ಈಗ ಲೋ-ಪಾಸ್ ಫಿಲ್ಟರಿನ ಕಟ್‌ಆಫ್ ಇಳಿಸುತ್ತ ಹೋದಂತೆ ಮೇಲಿನ ಕಂಪನಗಳು ಕಳಚಿ ಸದ್ದು ಮಂದವಾಗುವುದನ್ನು ಗಮನಿಸಿ. ಸದ್ದು ಎಷ್ಟು ಬೇಗ ಏಳುತ್ತದೆ, ಎಷ್ಟು ಬೇಗ ಇಳಿಯುತ್ತದೆ, ಕೀ ಒತ್ತಿರುವಷ್ಟು ಹೊತ್ತು ಯಾವ ಮಟ್ಟದಲ್ಲಿರುತ್ತದೆ, ಬಿಟ್ಟ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಎನ್ವಲಪ್‌ನ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ಗುಂಡಿಗಳು ತೀರ್ಮಾನಿಸುತ್ತವೆ. ಅಟ್ಯಾಕ್ ಸೊನ್ನೆ, ಡಿಕೇ 200 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ ಮಾಡಿದರೆ ಮೀಟಿದ ತಂತಿಯ ಗುಣ. ಅಟ್ಯಾಕ್ ಒಂದು ಸೆಕೆಂಡ್, ಸಸ್ಟೇನ್ ಪೂರ್ತಿ, ರಿಲೀಸ್ ಎರಡು ಸೆಕೆಂಡ್ ಮಾಡಿದರೆ ಅದೇ ತರಂಗ ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಪ್ಯಾಡ್ ಆಗುತ್ತದೆ. ಈ ಎರಡು ಸದ್ದುಗಳು ಮತ್ತು ಒಂದು ಸೈನ್ ತರಂಗದ ಬೇಸ್, ಮೊದಲ ಕೃತಿಗೆ ಇಷ್ಟೇ ಬೇಕಾದದ್ದು.

ಗಮಕ ಬೇಕೆನ್ನುವವರು ಪಿಚ್ ಬೆಂಡ್ ಚಕ್ರವನ್ನು ಬಳಸಬೇಕು. ಅದರ ವ್ಯಾಪ್ತಿ ಸಾಮಾನ್ಯವಾಗಿ ಮೇಲೆ ಕೆಳಗೆ ಎರಡೆರಡು ಅರೆಸ್ವರಗಳಷ್ಟು ಇರುತ್ತದೆ. ಜಾರು ನುಡಿಸಲು ಐದಕ್ಕೋ ಏಳಕ್ಕೋ ಹೆಚ್ಚಿಸಿಕೊಳ್ಳಬಹುದು. ಮೌಸ್‌ನಿಂದ ಗೆರೆ ಎಳೆದ ಗಮಕ ಹೆಚ್ಚಾಗಿ ಹುಸಿಯೆನಿಸುತ್ತದೆ, ಕೈಯಿಂದ ಚಕ್ರ ತಿರುಗಿಸಿ ರೆಕಾರ್ಡ್ ಮಾಡಿದ್ದು ಒರಟಾಗಿದ್ದರೂ ನಿಲ್ಲುತ್ತದೆ.

ಊರಿನ ಸದ್ದು

ಇಂಟರ್ನೆಟ್ಟಿನಲ್ಲಿ ಸಿಗುವ, ಸಿದ್ಧ ಸದ್ದುಗಳ ಕಟ್ಟಾದ ಸ್ಯಾಂಪಲ್ ಪ್ಯಾಕ್‌ಗಳಲ್ಲಿ ಲಕ್ಷಾಂತರ ಕ್ಲ್ಯಾಪ್‌ಗಳಿವೆ, ಮಲ್ಪೆ ಬಂದರಿನ ಡೀಸೆಲ್ ದೋಣಿಯ ಟುಕುಟುಕು ಇಲ್ಲ. ಫೋನಿನಲ್ಲಿ ವೇವ್ ಕಡತವಾಗಿ 48 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡುವ ಆ್ಯಪ್ ಹಾಕಿಕೊಂಡು, ಮಟ್ಟವನ್ನು ತಾನೇ ಏರಿಳಿಸುವ ಸ್ವಯಂಚಾಲಿತ ಗೇನ್ ಆಯ್ಕೆಯನ್ನು ಬಂದ್ ಮಾಡಿ, ಮಟ್ಟ -12 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ದೋಣಿಯ ಸದ್ದಿಗೆ ಆಗಸ್ಟ್‌ವರೆಗೆ ಕಾಯಬೇಕು. ಕಡಲತೀರದಲ್ಲಿ ಗಾಳಿ ಮೈಕಿಗೆ ಬಡಿದು ಎಲ್ಲವನ್ನೂ ಕೆಡಿಸುತ್ತದೆ. ಫೋನಿನ ಮೈಕಿಗೆ ತೆಳು ಸ್ಪಂಜು ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು.

ಮಳೆಯ ಸದ್ದಿನ ಗುಣ ಹೆಚ್ಚುಕಡಿಮೆ ವೈಟ್ ನಾಯ್ಸ್‌ನದು (ಎಲ್ಲ ಕಂಪನಗಳೂ ಸಮನಾಗಿ ಬೆರೆತ ಸದ್ದು). ಹಂಚಿನ ಮೇಲಿನ ಸುರಿಮಳೆಯನ್ನು ರೆಕಾರ್ಡ್ ಮಾಡಿ, 5 ಕಿಲೊಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 40 ಮಿಲಿಸೆಕೆಂಡಿನ ತುಣುಕುಗಳಾಗಿ ಸೀಳಿದರೆ ಹೈ-ಹ್ಯಾಟ್ ತಯಾರು. ಪ್ರತಿ ತುಣುಕೂ ಸ್ವಲ್ಪ ಬೇರೆಯಾಗಿರುವುದರಿಂದ ಕೊಂಡುತಂದ ಸ್ಯಾಂಪಲ್‌ಗಿಂತ ಜೀವಂತವಾಗಿರುತ್ತದೆ. ಉಡುಪಿಯ ಅಷ್ಟಮಿಯಲ್ಲಿ, ಮಂಗಳೂರಿನ ನವರಾತ್ರಿಯಲ್ಲಿ ಹುಲಿವೇಷದ ತಾಸೆ ವಾದ್ಯ ರೆಕಾರ್ಡ್ ಮಾಡಬಯಸುವವರು ತಂಡದವರ ಒಪ್ಪಿಗೆ ಪಡೆದು, ಹತ್ತು ಹದಿನೈದು ಮೀಟರ್ ದೂರ ನಿಲ್ಲಬೇಕು. ಹತ್ತಿರ ಹೋದರೆ ಫೋನಿನ ಮೈಕ್ ಒಡೆದ ಸದ್ದನ್ನಷ್ಟೇ ಕೊಡುತ್ತದೆ.

ದೈವಾರಾಧನೆಯ ಕೋಲದಲ್ಲಿ ಕೇಳುವ ಪಾಡ್ದನವೆಂಬ ಹಾಡು, ತೆಂಬರೆ ಎಂಬ ಚರ್ಮವಾದ್ಯ, ನಾಗಸ್ವರಗಳನ್ನು ಕುಣಿತದ ಬೀಟಿಗೆ ಹೊಂದಿಸುವ ಯೋಚನೆಯನ್ನು ಕೈಬಿಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಅದು ಆರಾಧನೆ, ಅದನ್ನು ನಡೆಸುವ ಕುಟುಂಬಗಳಿವೆ, ಸದ್ದಿನ ಉಗ್ರಾಣ ಅದಲ್ಲ. ಹಳೆಯ ಕ್ಯಾಸೆಟ್‌ಗಳ ವಿಷಯ ಬೇರೆ, ಅಲ್ಲಿ ಕಾನೂನಿನ ತೊಡಕಿದೆ: 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಎಂಬತ್ತರ ದಶಕದ ತಾಳಮದ್ದಳೆಯ ಕ್ಯಾಸೆಟ್ಟಿನಿಂದ ನಾಲ್ಕು ಸೆಕೆಂಡಿನ ಭಾಗವತಿಕೆ ತೆಗೆಯಲೂ ಅನುಮತಿ ಬೇಕು.

ಲೂಪಿನಿಂದ ಕೃತಿಗೆ

ಈಗ ಡ್ರಮ್, ಬೇಸ್, ಮೀಟಿದ ಸಿಂಥ್, ಪ್ಯಾಡ್, ಊರಿನ ಒಂದೆರಡು ಸದ್ದು ಸೇರಿದ ಎಂಟು ಬಾರಿನ ಲೂಪ್ ಕೈಯಲ್ಲಿದೆ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಲೂಪ್ ಸುತ್ತುತ್ತಲೇ ಇರುತ್ತದೆ, ಅದಕ್ಕೆ ಒಂಬತ್ತನೆಯ ಸದ್ದು ಸೇರಿಸುತ್ತಾರೆ, ಹತ್ತನೆಯದನ್ನು ಸೇರಿಸುತ್ತಾರೆ, ಕಿವಿ ದಣಿಯುತ್ತದೆ, ಕಡತ ಮುಚ್ಚುತ್ತಾರೆ, ಮರುದಿನ ಹೊಸ ಲೂಪ್ ಆರಂಭಿಸುತ್ತಾರೆ. ಇದಕ್ಕೆ ಮದ್ದು, ಸೇರಿಸುವುದನ್ನು ನಿಲ್ಲಿಸಿ ತೆಗೆಯತೊಡಗುವುದು.

ಎಂಟು ಬಾರಿನ ಲೂಪನ್ನು ಹನ್ನೆರಡು ಸಲ ನಕಲು ಮಾಡಿ ಟೈಮ್‌ಲೈನಿನ ಮೇಲೆ ಹಾಸಿರಿ. 96 ಬಾರ್ ಆಯಿತು, 120 ಬಿಪಿಎಂನಲ್ಲಿ ಸರಿಯಾಗಿ 3 ನಿಮಿಷ 12 ಸೆಕೆಂಡ್. ಕೃತಿಯ ಉದ್ದ ನಿಗದಿಯಾದ ಮೇಲೆ ಉಳಿದಿರುವುದು ಎಲ್ಲಿ ಏನಿರಬಾರದು ಎಂದು ತೀರ್ಮಾನಿಸುವುದು. ಮೊದಲ 16 ಬಾರ್‌ಗಳಲ್ಲಿ ಬೇಸ್ ಮತ್ತು ಕಿಕ್ ಅಳಿಸಿ ತ್ರಿವುಡೆಯ ಆವರ್ತ, ಮಳೆಯ ಹ್ಯಾಟ್ ಮಾತ್ರ ಉಳಿಸಿ. ಮುಂದಿನ 24ರಲ್ಲಿ ಕಿಕ್ ಮತ್ತು ಬೇಸ್ ಬರಲಿ, ಮೀಟಿದ ಸಿಂಥ್ ಇನ್ನೂ ಬೇಡ. ಅನಂತರದ 8 ಬಾರ್‌ಗಳಲ್ಲಿ ಎಲ್ಲವೂ ನಿಂತು ಪ್ಯಾಡ್ ಒಂದೇ ಕೇಳಲಿ. ಬಳಿಕ 32 ಬಾರ್ ಪೂರ್ಣ ಮೇಳ. ಕೊನೆಯ 16ರಲ್ಲಿ ಒಂದೊಂದಾಗಿ ಕಳಚುತ್ತ ಹೋಗಲಿ. ಈ ವಿಭಾಗಗಳೇನೂ ಶಾಸನವಲ್ಲ, ಆದರೆ ಮೊದಲ ಕೃತಿಗೆ ಯಾವುದಾದರೂ ಒಂದು ಚೌಕಟ್ಟು ಮೊದಲೇ ಇರುವುದು ಲೇಸು.

ಈ ಹಂತದಲ್ಲಿ ಯಕ್ಷಗಾನದ ಒಂದು ಪ್ರಸಂಗವನ್ನು ಪೂರ್ತಿ, ಹಿಮ್ಮೇಳದ ಕಡೆಗೇ ಕಿವಿಯಿಟ್ಟು ಕೇಳುವುದು ಯಾವ ವಿಡಿಯೊ ಪಾಠಕ್ಕಿಂತಲೂ ಹೆಚ್ಚು ಕಲಿಸುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಪದ್ಯ ನಡೆಯುವಾಗ ಮದ್ದಳೆಯೇ ಮುಂದಿದ್ದು, ಚೆಂಡೆ ಸುಮ್ಮನಿದ್ದು ತನ್ನ ಸರದಿಗೆ ಕಾಯುತ್ತದೆ. ಅದು ಇಳಿದಾಗ ರಂಗಸ್ಥಳ ನಡುಗುವುದು ಅದುವರೆಗೆ ಅದು ಇರಲಿಲ್ಲ ಎಂಬ ಕಾರಣದಿಂದಲೇ. ಬಿಡ್ತಿಗೆ ಬಂದಾಗ ಕುಣಿತಕ್ಕೆ ಜಾಗ ತೆರೆಯುತ್ತದೆ, ಮುಕ್ತಾಯ ಬಂದಾಗ ಮುಂದಿನದಕ್ಕೆ ದಾರಿಯಾಗುತ್ತದೆ. ಕೇಳುಗನಿಗೆ ಯಾರೂ ಹೇಳದಿದ್ದರೂ ಒಂದು ಭಾಗ ಮುಗಿಯಿತೆಂದು ತಿಳಿಯುತ್ತದೆ. ನಿಮ್ಮ ಕೃತಿಯಲ್ಲೂ ಪ್ರತಿ ಎಂಟು ಬಾರಿನ ಕೊನೆಗೆ ಇಂತಹ ಸೂಚನೆ ಇರಬೇಕು: ಕೊನೆಯ ಬಾರಿನಲ್ಲಿ ಕಿಕ್ ತೆಗೆಯುವುದು, ಕೊನೆಯ ನಾಲ್ಕು ಸ್ಟೆಪ್‌ಗಳಲ್ಲಿ ಡ್ರಮ್ಮಿನ ಒಂದು ಉರುಳು, ತಿರುಗಿಸಿದ ಸದ್ದೊಂದು ಏರಿ ಬರುವುದು. ಫಿಲ್ಟರಿನ ಕಟ್‌ಆಫನ್ನು 24 ಬಾರ್‌ಗಳ ಉದ್ದಕ್ಕೆ ನಿಧಾನವಾಗಿ ಏರಿಸುವ ಆಟೊಮೇಷನ್ ಬರೆದರೆ, ಒಂದೇ ಸ್ವರಸಾಲು ಪುನರಾವರ್ತನೆಯಾಗುತ್ತಿದ್ದರೂ ಬೇಸರ ಬರುವುದಿಲ್ಲ. ಪೂರ್ಣ ಮೇಳದ 32 ಬಾರ್‌ಗಳ ನಡುವೆ ಹದಿನಾರನೆಯದರಲ್ಲಿ ಒಂದು ಹೊಸ ಅಂಶ ಬರಲೇಬೇಕು, ಅದು ಬೇಸಿನ ಒಂದೇ ಒಂದು ಸ್ವರದ ಬದಲಾವಣೆಯಾದರೂ ಸರಿ. ಷಡ್ಜದಲ್ಲೇ ನಿಂತಿದ್ದ ಬೇಸ್ ನಿಷಾದಕ್ಕೆ ಇಳಿದಾಗ ಮೇಲಿನ ಸ್ವರಗಳೆಲ್ಲ ಬದಲಾಗದೆಯೇ ಬದಲಾದಂತೆ ಕೇಳುತ್ತವೆ.

ಅರೇಂಜ್‌ಮೆಂಟ್ ಮುಗಿಯುವವರೆಗೆ ಸದ್ದುಗಳನ್ನು ತಿದ್ದಲು ಹೋಗಬಾರದು. ಕಿಕ್ ಇನ್ನೂ ಚೆನ್ನಾಗಿರಬೇಕಿತ್ತು ಎಂದು ಅನಿಸುತ್ತದೆ. ಕಾಗದದಲ್ಲಿ ಬರೆದಿಟ್ಟು ಮುಂದೆ ಸಾಗಬೇಕು.

ಮಿಕ್ಸ್

ಮಿಕ್ಸಿಂಗ್ ಎಂದರೆ ಮೊದಲಿಗೆ ಮಟ್ಟ ಹೊಂದಿಸುವುದು, ಆರಂಭಿಕರ ಕೃತಿಗಳಲ್ಲಿ ಫಲದ ಬಹುಭಾಗ ಬರುವುದೂ ಅಲ್ಲಿಂದಲೇ. ಮಟ್ಟ ಏರಿಳಿಸುವ ಫೇಡರ್‌ಗಳನ್ನೆಲ್ಲ ಇಳಿಸಿ, ಕಿಕ್ಕನ್ನು -10 ಡೆಸಿಬೆಲ್ ಸುತ್ತ ಇಟ್ಟು, ಬೇಸ್, ಕ್ಲ್ಯಾಪ್, ಸಿಂಥ್‌ಗಳನ್ನು ಒಂದೊಂದಾಗಿ ಏರಿಸಿ. ಮಾಸ್ಟರ್ ಮೀಟರ್ -6 ದಾಟದಿರಲಿ. ಕಿಕ್ ಮತ್ತು ಬೇಸ್ ಬಿಟ್ಟು ಉಳಿದ ಟ್ರ್ಯಾಕ್‌ಗಳಲ್ಲಿ 100 ಹರ್ಟ್ಸ್ ಕೆಳಗಿನದನ್ನು ಹೈ-ಪಾಸ್ ಫಿಲ್ಟರ್‌ನಿಂದ ಕತ್ತರಿಸಿದರೆ ತಗ್ಗಿನ ರಾಡಿ ತಿಳಿಯಾಗುತ್ತದೆ. ಕಿಕ್ ಬಿದ್ದಾಗಲೆಲ್ಲ ಬೇಸನ್ನು ಕ್ಷಣಕಾಲ ತಗ್ಗಿಸುವ ಸೈಡ್‌ಚೈನ್ ಕಂಪ್ರೆಸರ್ ಈ ಸಂಗೀತದ ಉಸಿರಾಟಕ್ಕೆ ಕಾರಣ. ಕೋಣೆಯ ಮರುದನಿ ಕೊಡುವ ರಿವರ್ಬನ್ನು ಪ್ರತಿ ಟ್ರ್ಯಾಕಿಗೂ ಹಾಕದೆ, ಎಲ್ಲರಿಗೂ ಸೇರಿದ ಒಂದೇ ಸೆಂಡ್ ಚಾನಲಿನಲ್ಲಿಟ್ಟು ಎಲ್ಲವನ್ನೂ ಅಳತೆಯಾಗಿ ಅಲ್ಲಿಗೆ ಕಳಿಸಿದರೆ, ಸದ್ದುಗಳೆಲ್ಲ ಒಂದೇ ಕೋಣೆಯಲ್ಲಿರುವಂತೆ ಕೇಳುತ್ತವೆ.

ಬಳಿಕ ಫೋನಿನ ಸ್ಪೀಕರಿನಲ್ಲಿ ಕೇಳಿ. 49 ಹರ್ಟ್ಸ್‌ನ ಬೇಸ್ ಅಲ್ಲಿ ಇರುವುದೇ ಇಲ್ಲ. ಬೇಸಿಗೆ ಸ್ವಲ್ಪ ಸ್ಯಾಚುರೇಷನ್ (ಹದವಾದ ವಿರೂಪ) ಸೇರಿಸಿದರೆ 98, 147, 196, 245 ಹರ್ಟ್ಸ್‌ನ ಮೇಲ್ಸ್ವನಗಳು ಹುಟ್ಟುತ್ತವೆ. ಅವುಗಳಲ್ಲಿ ಮೇಲಿನವು ಫೋನಿನಲ್ಲೂ ಕೇಳುವುದರಿಂದ ಕಿವಿ ಕಾಣದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಕಾರಿನಲ್ಲೊಮ್ಮೆ, ಬಸ್ಸಿನ ಗದ್ದಲದ ನಡುವೆ ಇಯರ್‌ಫೋನಿನಲ್ಲೊಮ್ಮೆ ಕೇಳಿದರೆ ಎರಡು ದಿನದಲ್ಲಿ ತಿದ್ದಬೇಕಾದದ್ದೆಲ್ಲ ಪಟ್ಟಿಯಾಗುತ್ತದೆ. ಒಳ್ಳೆಯ ಪ್ರಕಟಿತ ಕೃತಿಯೊಂದರ ಜೊತೆ ಹೋಲಿಸುವಾಗ ಅದರ ಮಟ್ಟವನ್ನು ನಿಮ್ಮದರ ಮಟ್ಟಕ್ಕೆ ಇಳಿಸಿಕೊಳ್ಳಬೇಕು, ಜೋರಾಗಿದ್ದದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವವರು ಮಟ್ಟವನ್ನು ಮಾತುಕತೆಯಷ್ಟಕ್ಕೇ ಇಡಬೇಕು: 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಸುರಕ್ಷಿತ ಎಂಬ ಲೆಕ್ಕದಲ್ಲಿ, ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ.

ಹೊರಗೆ ಕಳುಹಿಸುವುದು

ಬಿಡುಗಡೆಗೆ ಮುಂಚಿನ ಕೊನೆಯ ಸಂಸ್ಕರಣೆಯಾದ ಮಾಸ್ಟರಿಂಗ್‌ಗೆ ಮೊದಲ ಕೃತಿಯಲ್ಲಿ, ಸದ್ದು ಒಂದು ಮಟ್ಟ ದಾಟದಂತೆ ತಡೆಯುವ ಲಿಮಿಟರ್ ಒಂದು ಸಾಕು. ಟ್ರೂ ಪೀಕ್, ಅಂದರೆ ಸದ್ದಿನ ನಿಜವಾದ ತುತ್ತತುದಿ, -1 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ -14 ಲಫ್ಸ್ (ಒಟ್ಟಾರೆ ಜೋರಿನ ಅಳತೆ) ಮಟ್ಟಕ್ಕೆ ತಂದೇ ಕೇಳಿಸುವುದರಿಂದ ಸದ್ದನ್ನು ಹಿಂಡಿ ಜೋರು ಮಾಡುವುದರಲ್ಲಿ ಅರ್ಥವಿಲ್ಲ. ಕಡತವನ್ನು 24 ಬಿಟ್ ವೇವ್ ಆಗಿ ರಫ್ತು ಮಾಡಿ. ಸೌಂಡ್‌ಕ್ಲೌಡ್, ಬ್ಯಾಂಡ್‌ಕ್ಯಾಂಪ್, ಯೂಟ್ಯೂಬ್‌ಗಳಿಗೆ ನೀವೇ ಏರಿಸಬಹುದು. ಸ್ಪಾಟಿಫೈ ಮುಂತಾದವುಗಳಿಗೆ ವಿತರಕರ ಮೂಲಕ ಹೋಗಬೇಕು, ಪ್ರತಿ ಧ್ವನಿಮುದ್ರಣಕ್ಕೆ ಬೇಕಾದ 12 ಅಕ್ಷರಗಳ ಐಎಸ್‌ಆರ್‌ಸಿ ಸಂಕೇತವನ್ನು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಸ್ಯಾಂಪಲ್ ಪ್ಯಾಕಿನ ಲೂಪನ್ನು ಬದಲಾಯಿಸದೆ ಹಾಗೆಯೇ ಬಳಸಿದ್ದರೆ ಯಾರದ್ದೆಂದು ಸದ್ದನ್ನು ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ನೋಂದಾಯಿಸಬೇಡಿ, ಅದೇ ಲೂಪನ್ನು ಬಳಸಿದ ಇನ್ನೊಬ್ಬರ ಕೃತಿಯೊಡನೆ ತಕರಾರು ಏಳುತ್ತದೆ.

ವಿತರಕರಿಗೆ ಕಳುಹಿಸುವ ದಿನಕ್ಕೂ ಬಿಡುಗಡೆಯ ದಿನಕ್ಕೂ ಮೂರು ನಾಲ್ಕು ವಾರಗಳ ಅಂತರವಿರಲಿ. ಅಷ್ಟರೊಳಗೆ ಪ್ರಾಜೆಕ್ಟಿನ ಪ್ರತಿ ಟ್ರ್ಯಾಕನ್ನೂ ಮೊದಲ ಬಾರಿನಿಂದಲೇ ಆರಂಭವಾಗುವ ಪ್ರತ್ಯೇಕ ವೇವ್ ಕಡತವಾಗಿ ರಫ್ತು ಮಾಡಿ, ವೇಗ ಮತ್ತು ಷಡ್ಜವನ್ನು ಕಡತದ ಹೆಸರಿನಲ್ಲೇ ನಮೂದಿಸಿ, ಒಂದು ಪ್ರತಿಯನ್ನು ಹೊರಗಿನ ಡ್ರೈವಿನಲ್ಲೂ ಇನ್ನೊಂದನ್ನು ಕ್ಲೌಡಿನಲ್ಲೂ ಇಡಬೇಕು. ಕೆಲವು ವರ್ಷಗಳ ನಂತರ ಆ ಸಿಂಥ್ ಪ್ಲಗ್‌ಇನ್ ಹೊಸ ಕಂಪ್ಯೂಟರಿನಲ್ಲಿ ತೆರೆಯದೆ ಹೋದರೂ ಈ ಕಡತಗಳು ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯುತ್ತವೆ.